ಹುಡುಗರ ಜಗಳ ಅನ್ನಬ್ಯಾಡ್ರಿ

ವಾಚನಾಲಯದ ಹುಡುಗರು ಮನಿಗೆ ಬಂದು, “ಮುತ್ಯಾ, ಈ ಸಲದ ಪುಸ್ತಕಕ್ಕ ಹರದೇಶಿ-ನಾಗೇಶಿ ಹಾಡಿನ ಬಗ್ಗೆ ಬರೆದು ಕೊಡ್ರಿ” ಅಂದರು. ಹೂಂ ಅಂದೆ. ನಾಲ್ಕು ಹಾಳಿ ಬರೆದೂ ಇಟ್ಟಿದ್ದೆ. ಆಮ್ಯಾಲ ಹರಿದು ಒಲಿಗೆ ಹಾಕಿದೆ. ಹಾಡಿನ ಮಾತು ಮುಂದಿನ ವರ್ಷ ಬರೆದೇನು. ಈಗ ಆರು ತಿಂಗಳಿಂದ ನಮ್ಮೂರಾಗ ಒಂದು ಮಾತು ಓಡಾಡಲಿಕತ್ತದ. ಅದನ್ನು ಬಿಟ್ಟು ಡಪ್ಪು-ತುಂತುಣಿ ವರ್ಣನೆ ಮಾಡಲಿಕ್ಕೆ ನನ್ನ ಕೈ ಓಡಲಿಲ್ಲ.

ಆ ಮಾತು ಯಾವುದಂದ್ರ, “ಅದೇನು ಬಿಡ್ರಿ, ಹುಡುಗರ ಜಗಳ.”

ನಡೆದದ್ದು ಎಲ್ಲರಿಗೂ ಗೊತ್ತದ. ಆದರ ಒಬ್ಬರೂ ಪೂರಾ ಹೇಳೂದಿಲ್ಲ, ಹಿಂಗಾಗಿ ನಾನೇ ಬರೀತೀನಿ. ಊರ ಹೊರಗ ಹಳ್ಳದ ದಂಡಿಗೆ ಪಾರಧಿಯವರ ಎಂಟು-ಹತ್ತು ಗುಡಿಸಲು ಅವ. ಅಲ್ಲಿಯ ಒಬ್ಬ ಹುಡುಗ ಹತ್ತನೇ ಪಾಸಾಗಿ ಅಕ್ಕಲಕೋಟಕ್ಕ ಕಾಲೇಜಿಗೆ ಹೆಸರು ಹಚ್ಚಿದ. ಆ ಗುಡಿಸಲುಗಳಾಗ ಹತ್ತನೇ ದಾಟಿದವ ಅವನೇ ಮೊದಲಿಗ. ಮುಂಜಾನೆ ಏಳರ ಬಸ್ಸಿಗೆ ನಮ್ಮೂರ ಹುಡುಗರ ಜೋಡಿ ಹೋಗತಿದ್ದ. ಅವನು ಬಸ್ಸು ಹತ್ತಿದ ಕೂಡಲೇ ಒಳಗ ಕುಂತ ಹುಡುಗರೆಲ್ಲ ಒಮ್ಮೆಲೇ ತಮ್ಮ ತಮ್ಮ ಕಿಸೆ ಮುಟ್ಟಿ ನೋಡ್ಕೊಳ್ಳೋರು. ಬೈಗಳಿಲ್ಲ, ಹೊಡೆತ ಇಲ್ಲ. ಬರೇ ಕಿಸೆ ಮುಟ್ಟೂದು, ನಗೂದು. ಆಷಾಢದಿಂದ ದೀಪಾವಳಿ ಮಟ ದಿನಾ ಇದೇ ಆಟ. ಸಂತಿಗೆ ಹೋಗೋ ಹೆಣ್ಣುಮಕ್ಕಳು ನೋಡಿ ಸುಮ್ಮ ಕುಂತರು. ಎರಡು ಸಲ ಆ ಬಸ್ಸಿನಾಗ ನಾನೂ ಇದ್ದೆ. ನೋಡಿದೆ. ಕಿಡಕಿ ಕಡೆ ಮಾರಿ ಮಾಡಿ ಕುಂತೆ.

ದೀಪಾವಳಿ ರಜೆ ಮುಗಿದ ಮೊದಲ ದಿನ ಆ ಹುಡುಗ ಎಲ್ಲರಿಗಿಂತ ಮೊದಲು ಬಂದು ಬಸ್ಸಿನಾಗ ಕುಂತಿದ್ದ. ನನ್ನ ಮೊಮ್ಮಗ ಹತ್ತಿದ. ಆಗ ಆ ಹುಡುಗ ತನ್ನ ಕಿಸೆ ಮುಟ್ಟಿ ನೋಡಿಕೊಂಡ. ಅಷ್ಟೇ. ನಾಲ್ಕು ತಿಂಗಳು ಎಲ್ಲರೂ ತನಗ ಮಾಡಿದ್ದನ್ನು ಅವ ಒಂದು ಸಲ ತಿರುಗಿ ಮಾಡಿದ.

ಸಂಜಿಗೆ ಬಸ್ಸಿಳಿದ ಮ್ಯಾಲ ನಾಲ್ಕು ಮಂದಿ ಅವನನ್ನು ಬಂಧಾರದ ಕಡೆ ಕರಕೊಂಡು ಹೋಗಿ ಹೊಡೆದರು. ಎಡಗೈ ಎಲುಬು ಮುರೀತು. ನನ್ನ ಮೊಮ್ಮಗ ಕೈ ಹಚ್ಚಲಿಲ್ಲಂತ. ಅವ ಮೊಬೈಲಿನಾಗ ಶೂಟಿಂಗ್ ಮಾಡಿದ. “ನಾ ಹೊಡದಿಲ್ಲ ಮುತ್ಯಾ, ನಾ ಹೊಡದಿಲ್ಲ” ಅಂತ ನನ್ನ ಮುಂದ ಮೂರು ಸಲ ಹೇಳಿದ. ಅದರಾಗ ನನಗ ಏನು ಸಮಾಧಾನ ಅದ ಅಂತ ಹೇಳಿದನೋ, ಇನ್ನೂ ತಿಳಿದಿಲ್ಲ.

ಚಾವಡ್ಯಾಗ ಕೂಡಿದೆವು. ಆ ಹುಡುಗನ ಅಪ್ಪ ಮೆಟ್ಟಲ ಕೆಳಗ ನಿಂತಿದ್ದ. ಅವ ಯಾರು? ನಮ್ಮೂರ ದ್ರಾಕ್ಷಿ ತ್ವಾಟ ರಾತ್ರಿ ಕಾಯವ. ತ್ವಾಟದ ಕೀಲಿ, ಮೋಟಾರ ಮನಿ ಕೀಲಿ ಅವನ ಕೈಯಾಗ ಕೊಟ್ಟು ನಾವು ಹೊದ್ದುಕೊಂಡು ಮಲಗತೀವಿ. ಅವನ ಮಗ ಬಸ್ಸು ಹತ್ತಿದರ ಕಿಸೆ ನೋಡ್ಕೋತೀವಿ. ಹಿರಿಯರು ಹೊಡೆದವರ ಮನಿಗಳಿಂದ ದವಾಖಾನಿ ಖರ್ಚಂತ 8000 ರೂಪಾಯಿ ಕೊಡಿಸಿ, “ಹುಡುಗರ ಜಗಳ, ದೊಡ್ಡವರು ಮನಸಿಗೆ ಹಚ್ಕೋಬಾರದು” ಅಂದರು. ಅವನು “ಆತರೀ ಯಪ್ಪಾ” ಅಂದು ರೊಕ್ಕ ತಗೊಂಡು ಹೋದ. ಆ ಹಿರಿಯರಾಗ ನಾನೂ ಒಬ್ಬ. ಹಾಡಿಕಿ ಮ್ಯಾಳದಾಗ ರಾತ್ರಿಯೆಲ್ಲ ಬಾಯಿ ಮುಚ್ಚದವ ಅವತ್ತು ಎಲಿ-ಅಡಕಿ ಹಾಕ್ಕೊಂಡು ಕುಂತಿದ್ದೆ.

ಹುಡುಗ ಮತ್ತ ಕಾಲೇಜಿಗೆ ಹೋಗಲಿಲ್ಲ.

ಈಗ ಹೇಳತೀನಿ, ಇದು ಜಗಳ ಹ್ಯಾಂಗ ಆಗತದ? ಜಗಳಕ್ಕ ಎರಡು ಕಡೆ ಬೇಕು. ನಾನು ನಲವತ್ತು ವರ್ಷ ಹರದೇಶಿ-ನಾಗೇಶಿ ಹಾಡಿದವ. ಅದೂ ಜಗಳನೇ. ಹರದೇಶಿಯವರು ಗಂಡು ಹೆಚ್ಚು ಅಂತಾರ, ನಾಗೇಶಿಯವರು ಹೆಣ್ಣು ಹೆಚ್ಚು ಅಂತಾರ. ಎದುರಿನವರ ಕುಲ, ಗುರು, ಬಣ್ಣ, ರಾಗ ಎಲ್ಲಾ ಕೆದಕಿ ಬೈತೀವಿ. ಆದರ ನಾ ಒಂದು ಪದ ಹಾಡಿದ ಮ್ಯಾಲ ಡಪ್ಪು ಅವರ ಕೈಗೆ ಹೋಗಬೇಕು. ಅವರು ತಿರುಗಿ ಬೈಯಬೇಕು. ಬೆಳಗಾದ ಮ್ಯಾಲ ಎರಡೂ ಮ್ಯಾಳದವರು ಒಂದೇ ಪಂಕ್ತಿಯಾಗ ಕುಂತು ಉಣ್ಣಬೇಕು. ಡಪ್ಪು ನಾನೇ ಇಟ್ಟುಕೊಂಡು, ಎದುರಿನವ ಬಾಯಿ ತೆರೆದರ ಕೈ ಮುರಿಯೂದಾದರ ಅದಕ್ಕ ಹಾಡಿಕಿ ಅನ್ನತಾರೇನ್ರಿ? ಆ ಹುಡುಗ ತನ್ನ ಸರತಿ ಬಂತು ಅಂತ ತಿಳಿದು ಒಂದು ಸಲ ಡಪ್ಪು ಮುಟ್ಟಿದ. ಅಷ್ಟಕ್ಕ ಅವನ ಕೈ ಮುರಿದರು.

“ಕಳ್ಳರ ಜಾತಿ” ಅನ್ನೋ ಮಾತು ನಮ್ಮ ಹುಡುಗರಿಗೆ ಯಾರು ಕಲಿಸಿದರು? ಮೊಬೈಲು ಕಲಿಸಿತು ಅಂತ ಮಾಸ್ತರೊಬ್ಬರು ಅಂದರು. ಮೊಬೈಲ್ ಬಂದು ಎಷ್ಟು ವರ್ಷ ಆತು, ಮಾಸ್ತರ? ಈ ಮಾತು ಅದಕ್ಕಿಂತ ಹಳೇದು. ಬ್ರಿಟಿಷ್ ಸರಕಾರ 1871 ರಲ್ಲಿ ಒಂದು ಕಾಯ್ದೆ ಮಾಡಿತು. ಕೆಲವು ಜಾತಿಯವರು ಹುಟ್ಟಿದಾಗಿಂದಲೇ ಗುನ್ಹೇಗಾರರು ಅಂತ ಅದರ ಅರ್ಥ. ಏನು ಮಾಡಿದ್ದಾರ ಅಂತ ಕೇಳೂದಿಲ್ಲ, ಯಾರ ಹೊಟ್ಟ್ಯಾಗ ಹುಟ್ಟ್ಯಾರ ಅಂತ ನೋಡೂದು. ಪಾರಧಿ, ಕೈಕಾಡಿ, ಭಾಮಟಾ ಇಂಥಾ ಎಷ್ಟೋ ಜನರ ಹೆಸರು ರಜಿಸ್ಟರಿನಾಗ ಬರೆದರು. ನಮ್ಮ ಸೊಲ್ಲಾಪುರದಾಗೇ ಅವರನ್ನು ತಂತಿ ಬೇಲಿ ಒಳಗ ಇಟ್ಟಿದ್ದರು. ಗಿರಣಿ ಕೆಲಸಕ್ಕ ಹೋಗಬೇಕು, ಬಂದು ಹಾಜರಿ ಕೊಡಬೇಕು, ಕೇಳದೆ ಊರು ಬಿಡಬಾರದು. ಸೊಲ್ಲಾಪುರದಾಗ ಇವತ್ತೂ ಆ ಜಾಗಕ್ಕ ಸೆಟಲಮೆಂಟ್ ಅಂತ ಕರೀತಾರಲ್ಲ, ಆ ಹೆಸರು ಅಲ್ಲಿಂದ ಬಂದದ್ದು. ದೇಶಕ್ಕ ಸ್ವಾತಂತ್ರ್ಯ ಬಂದದ್ದು 1947 ಕ್ಕ. ಅವರ ಮ್ಯಾಲಿನ ಕಾಯ್ದೆ ಹೋದದ್ದು 1952 ರ ಆಗಸ್ಟ್ 31 ಕ್ಕ. ಐದು ವರ್ಷ ತಡ. ಕಾಯ್ದೆ ಹೋಗಿ ಎಪ್ಪತ್ತು ವರ್ಷದ ಮ್ಯಾಲಾತು. ನಮ್ಮೂರ ಏಳರ ಬಸ್ಸಿನಾಗ ಹದಿನಾರು ವರ್ಷದ ಹುಡುಗರು ಅದೇ ಹಾಜರಿ ಇನ್ನೂ ತಗೋಳಿಕತ್ತಾರ.

ಬಿಳಿಯರು ಕರಿಯರನ್ನು ಹೀಂಗ ನೋಡತಾರ, ಹಾಂಗ ಮಾಡತಾರ ಅಂತ ಪೇಪರಿನಾಗ ಓದಿ ಈ ವಾಚನಾಲಯದ ಕಟ್ಟಿ ಮ್ಯಾಲ ಕುಂತು ‘ಛೇ ಛೇ’ ಅಂತೀವಿ. 2014 ರ ಜನೇವರಿಯಾಗ ದಿಲ್ಲಿಯಲ್ಲಿ ಅರುಣಾಚಲದ ಹುಡುಗ ನಿಡೊ ತಾನಿಯಾನ ಕೂದಲು ನೋಡಿ ನಕ್ಕರು, ಅವ ಸಿಟ್ಟಾದ, ಹೊಡೆದರು, ಮರುದಿನ ಸತ್ತ. ಆಗಲೂ ಛೇ ಛೇ ಅಂದೆವು. ಅಲ್ಲಿಯೂ ಮೊದಲು ನಗು, ಆಮ್ಯಾಲ ಹೊಡೆತ. ನಮ್ಮ ಬಸ್ಸಿನಾಗೂ ಅದೇ ಸಾಲು.

ನನ್ನ ಪಾಲಿನದನ್ನೂ ಹೇಳಬೇಕು. ಹಾಡಿಕಿ ನಡುವ ಮಂದಿ ತೂಕಡಿಸಿದರ ನಗಿಸಲಿಕ್ಕೆ ನಾವು ಸೋಗು ಹಾಕತಿದ್ದೆವು. ನಾ ಪಾರಧಿ ಸೋಗು ಹಾಕತಿದ್ದೆ. ಹರಕು ರುಮಾಲು ಸುತ್ತಿ, ಅವರ ಮಾತಿನ ಧಾಟಿ ಹಿಡಿದು, ಬಗಲಾಗ ಕೋಳಿ ಬಚ್ಚಿಟ್ಟುಕೊಂಡು ಓಡೋ ಆಟ. ನಾಗಣಸೂರು, ತಡವಳ, ದುಧನಿ ಕಡೆ ಎಲ್ಲಾ ಊರಾಗೂ ಅದಕ್ಕ ಸಿಳ್ಳಿ ಬೀಳತಿದ್ದವು. ಬಕ್ಷೀಸು ಹೆಚ್ಚು ಬರೂದು ಆ ಸೋಗಿಗೇ. ಮುಂದಿನ ಸಾಲಿನಾಗ ನನ್ನ ಮೊಮ್ಮಗ ಕುಂತಿರತಿದ್ದ, ಐದು ವರ್ಷದವ. ಹಿಂದ ದೂರ, ದೀಪದ ಬೆಳಕು ಮುಟ್ಟದಲ್ಲಿ ಆ ಗುಡಿಸಲಿನವರೂ ಬಂದು ನಿಂತಿರತಿದ್ದರು. ಅವರ ಮಕ್ಕಳೂ ಇದ್ದಿರಬೇಕು. ಈಗ ಆ ಸೋಗು ಬಿಟ್ಟೀನಿ. ಬಿಟ್ಟದ್ದು ಕೈ ಮುರಿದ ಮ್ಯಾಲ, ಮೊದಲಲ್ಲ.

ಇನ್ನ ನಾವು ಎಲ್ಲಕ್ಕೂ ಹೇಳೋ ಮಾತು: “ನಾವೇ ಗಡಿ ಕನ್ನಡಿಗರು, ನಮಗೇ ಅನ್ಯಾಯ ಆಗೇದ, ನಾವು ಯಾರಿಗೆ ಅನ್ಯಾಯ ಮಾಡೋರು?” ಇದಕ್ಕ ಉತ್ತರ ಕೊಡಬೇಕಾದರ ಅದೇ ಮೊಮ್ಮಗನ ಕಥಿ ಹೇಳಬೇಕು. ಹತ್ತನೇ ಆದ ಮ್ಯಾಲ ಅವನನ್ನು ಮೊದಲು ಸೊಲ್ಲಾಪುರಕ್ಕ ಕಳಿಸಿದ್ದೆವು, ಒಂದು ವಸತಿಗೃಹದಾಗ ಇಟ್ಟಿದ್ದೆವು. ಇಪ್ಪತ್ತು ದಿನಕ್ಕ ಗಂಟು ಕಟ್ಟಿಕೊಂಡು ವಾಪಸು ಬಂದ. ಏನಾತು ಅಂದರ ಹೇಳವಲ್ಲ. ನಾಲ್ಕು ದಿನದ ಮ್ಯಾಲ ಅವರ ಅವ್ವನ ಮುಂದ ಬಾಯಿ ಬಿಟ್ಟ. ಇವ ಮರಾಠಿಯಾಗ ‘ಮಾಝಾ ಪುಸ್ತಕ’ ಅಂದನಂತ. ‘ಮಾಝಂ’ ಅನ್ನಬೇಕಿತ್ತು. ನಮ್ಮ ಕನ್ನಡದಾಗ ಪುಸ್ತಕಕ್ಕ ಗಂಡು-ಹೆಣ್ಣು ಎಲ್ಲಿ ಅದ? ಕುರ್ಚಿ, ಪುಸ್ತಕ, ಬಸ್ಸು ಎಲ್ಲಾ ‘ಅದು’. ಕನ್ನಡ ಸಾಲ್ಯಾಗ ಕಲಿತ ಹುಡುಗ ಅಲ್ಲಿ ಎಡವೂದು ಸಹಜ. ಅವತ್ತಿಂದ ‘ಕಾನಡಿ ಅಪ್ಪಾ’ ಅಂತ ಹೆಸರಿಟ್ಟರು. ರಾತ್ರಿ ಊಟ ಆದ ಮ್ಯಾಲ ಕಾಟಿನ ಮ್ಯಾಲ ನಿಲ್ಲಿಸಿ ಆ ಮಾತು ಹತ್ತು ಸಲ ಅನ್ನಸೂದು, ನಗೂದು. ಒಂದು ರಾತ್ರಿ ಹಾಸಿಗಿ ಮ್ಯಾಲ ನೀರು ಸುರುವಿದರು.

ಆಗ ನಾವು ಏನು ಮಾಡಿದೆವು? ಸರಪಂಚರು, ನಾನು, ಇನ್ನೂ ಐದು ಮಂದಿ ಜೀಪು ಮಾಡಿಕೊಂಡು ಹೋದೆವು. ಅಲ್ಲಿಯ ಸಾಹೇಬರೂ ಮೊದಲು ಅದೇ ಮಾತು ಅಂದರು, ಹುಡುಗರ ಮಸ್ಕರಿ ಅಂತ. ನಾ ಟೇಬಲ್ ಗುದ್ದಿ, “ನಿಮ್ಮ ಮಗನ ಹಾಸಿಗಿ ಮ್ಯಾಲ ನೀರು ಹಾಕಿದರ ಮಸ್ಕರಿ ಅಂತೀರೇನ್ರಿ?” ಅಂತ ಕೇಳಿದೆ. ಊರಿಗೆ ಬಂದ ಮ್ಯಾಲ ಎಲ್ಲರೂ ಭೇಷ್ ಅಂದರು. 1967 ರ ಮಹಾಜನ ವರದಿ ತೆಗೆದೆವು, ಅಕ್ಕಲಕೋಟ ತಾಲೂಕು ಕರ್ನಾಟಕಕ್ಕ ಸೇರಬೇಕಂತ ಅದರಾಗ ಬರೆದದ್ದನ್ನು ಮತ್ತ ಹೇಳಿದೆವು. 2022 ರ ನವೆಂಬರ್ ಕೊನೆಗೆ ಬೆಳಗಾವಿಯ ಒಂದು ಕಾಲೇಜಿನ ಕಾರ್ಯಕ್ರಮದಾಗ ಕನ್ನಡ ಬಾವುಟ ಹಿಡಿದು ಕುಣಿದ ಹುಡುಗನಿಗೆ ಸಂಗಡಿಗ ಹುಡುಗರೇ ಹೊಡೆದಿದ್ದರಲ್ಲ, ಅದನ್ನೂ ತೆಗೆದೆವು. ಬೆಳಗಾವಿಯ ಆ ಹೊಡೆತಕ್ಕ ಇದೇ ಕಟ್ಟಿ ಮ್ಯಾಲ ಕುಂತವರು ಒಬ್ಬರೂ ಹುಡುಗರ ಜಗಳ ಅಂದಿರಲಿಲ್ಲ. ಭಾಷಾದ ಮ್ಯಾಲಿನ ಹಲ್ಲೆ ಅಂದಿದ್ದೆವು. ಖರೇ ಮಾತು, ಅದು ಹಲ್ಲೆನೇ.

ಹಂಗಾದರ ಬಂಧಾರದ ಮ್ಯಾಲಿನದು ಯಾಕ ಜಗಳ ಆತು? ಹಾಸಿಗಿ ತೋಯ್ದರ ಜೀಪು, ಕೈ ಮುರಿದರ 8000 ರೂಪಾಯಿ. ಯಾವ ಹುಡುಗ ಕಾಟಿನ ಮ್ಯಾಲ ನಿಂತು ಅತ್ತಿದ್ದನೋ ಅದೇ ಹುಡುಗ ಆರು ತಿಂಗಳಾಗೂದರೊಳಗ ಮೊಬೈಲ್ ಹಿಡಿದು ನಿಂತ. ಅವಮಾನ ಅಂದರ ಏನು ಅಂತ ಆ ಬಸ್ಸಿನಾಗ ಎಲ್ಲರಿಗಿಂತ ಹೆಚ್ಚು ಗೊತ್ತಿದ್ದದ್ದು ನನ್ನ ಮೊಮ್ಮಗನಿಗೆ. ಕಿಸೆ ಮುಟ್ಟೋ ಆಟದಾಗ ಮುಂದ ಇದ್ದವನೂ ಅವನೇ ಅಂತ ಆಮ್ಯಾಲ ತಿಳೀತು. ತನ್ನ ಮ್ಯಾಲ ಬಿದ್ದ ಹೆಸರನ್ನು ಕೆಳಗಿನವನ ಮ್ಯಾಲ ಹಾಕಿ ಹಗುರ ಆಗಲಿಕ್ಕೆ ನೋಡಿದ. ನಾವು ಮಾಡೂದನ್ನ ನೋಡಿ ಕಲಿತಾನ.

ಸೊಲ್ಲಾಪುರದಾಗ ‘ಚಾರ ಪುತಳಾ’ ಹತ್ತಿರ ಎಲ್ಲರೂ ಇಳಿದೀರಿ. 1931 ರ ಜನೇವರಿ 12 ಕ್ಕ ಬ್ರಿಟಿಷರು ಗಲ್ಲಿಗೆ ಹಾಕಿದ ನಾಲ್ಕು ಮಂದಿ: ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ. ಒಬ್ಬ ಲಿಂಗಾಯತ, ಒಬ್ಬ ಮುಸಲ್ಮಾನ, ಒಬ್ಬ ಮರಾಠಾ, ಒಬ್ಬ ಮಾರವಾಡಿ. ಸಾಲಿ ಮಕ್ಕಳ ಕೈಲೆ ಭಾಷಣ ಮಾಡಸತೀರಿ, ಮಾಸ್ತರ. ಒಳ್ಳೇದು. ಅದೇ ಸಾಲ್ಯಾಗ ಹಾಜರಿ ಕರೆಯೋವಾಗ ಒಬ್ಬ ಹುಡುಗನಿಗೆ ಹೆಸರಿನ ಬದಲಿ “ಏ ಪಾರಧ್ಯಾ” ಅಂತ ಕರೆದದ್ದು ನನ್ನ ಕಿವಿಲೆ ಕೇಳೀನಿ. ಯಾರು ಅಂತ ಬರೆಯೂದಿಲ್ಲ. ಓದಿದವರಿಗೆ ತಮ್ಮದು ತಮಗೆ ತಿಳಿದೀತು.

“ಮುಗಿದು ಹೋದ ಮಾತು, ಯಾಕ ಕೆದಕತೀರಿ?” ಅಂತ ನನ್ನ ಸೊಸಿನೂ ಕೇಳಿದಳು. ಮುಗಿಸಿದ ಮಾತುಗಳು ಹ್ಯಾಂಗ ಮುಗೀತಾವ ಅನ್ನೂದಕ್ಕ ಆಗ ಅಹ್ಮದನಗರ ಅನ್ನತಿದ್ದ ಪಕ್ಕದ ಜಿಲ್ಲೆಯ ಖರ್ಡಾ ನೋಡ್ರಿ. 2014 ರ ಏಪ್ರಿಲ್ 28 ರಂದು ಹದಿನೇಳು ವರ್ಷದ ದಲಿತ ಹುಡುಗನನ್ನು, ಮೇಲ್ಜಾತಿ ಹುಡುಗಿ ಜೋಡಿ ಮಾತಾಡಿದ ಅಂತ ಕೊಂದರು. ಸಾಲಿಗೆ ಹೋದ ಹುಡುಗ ಹೆಣವಾಗಿ ಸಿಕ್ಕ. ಕೇಸು ನಡೀತು. 2017 ರ ನವೆಂಬರಿನಾಗ ಆರೋಪಿಗಳು ಬಿಡುಗಡೆ ಆದರು. ಯಾಕ? ಸಾಕ್ಷಿ ಹೇಳಬೇಕಾದವರು ಕೋರ್ಟಿನಾಗ ಮಾತು ತಿರುವಿದರು. ಆ ಸಾಕ್ಷಿದಾರರು ರಾಕ್ಷಸರೇನಲ್ಲ. ನಿಮ್ಮ ನಮ್ಮಂಗ ಊರಾಗ ಇರಬೇಕಾದವರು, ಕಿಡಕಿ ಕಡೆ ಮಾರಿ ಮಾಡಿ ಕುಂತವರು.

ಇನ್ನೊಂದು ಕಡೆ, ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ನಾಂಗುನೇರಿ. 2023 ರ ಆಗಸ್ಟ್ ತಿಂಗಳು. ಅಲ್ಲಿಯೂ ಹದಿನೇಳರ ದಲಿತ ಹುಡುಗ, ಅಲ್ಲಿಯೂ ಒಂದೇ ಸಾಲಿಯ ಹುಡುಗರು. ಕಾಟ ತಾಳಲಾರದೆ ಇವ ಸಾಲಿ ತಪ್ಪಿಸಿದ. ಕಡೀಕ ದೂರು ಹೇಳಿದ. ಅವರು ರಾತ್ರಿ ಕುಡಗೋಲು ತಗೊಂಡು ಮನಿಗೇ ಬಂದರು. ಬಿಡಿಸಲಿಕ್ಕೆ ಬಂದ ತಂಗಿಗೂ ಬಿತ್ತು. ಅಲ್ಲಿಯ ಸರಕಾರ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರನ್ನು ವಿಚಾರಣೆಗೆ ನೇಮಿಸಿತು. 2024 ರ ಜೂನ್ ತಿಂಗಳಾಗ ಅವರು ವರದಿ ಕೊಟ್ಟರು: ಹುಡುಗರು ಜಾತಿಗೊಂದು ಬಣ್ಣದ ದಾರ ಕೈಗೆ ಕಟ್ಟಿಕೊಂಡು ಸಾಲಿಗೆ ಬರಬಾರದು, ಸಾಲಿ ಹೆಸರಿನಾಗ ಜಾತಿ ಇರಬಾರದು, ಇಂಥಾವು. ನಮ್ಮ ಹುಡುಗರ ಕೈಯಾಗಿನ ದಾರ, ಗಾಡಿ ಮ್ಯಾಲಿನ ಸ್ಟಿಕರ್ ನೀವು ನೋಡೇ ನೋಡೀರಿ, ನಾನೇನು ಹೇಳೂದು ಅದ. ನಾ ಈ ಸುದ್ದಿ ಇಟ್ಟುಕೊಂಡದ್ದು ಬ್ಯಾರೆ ಕಾರಣಕ್ಕ. ಆ ಹುಡುಗ ದವಾಖಾನಿಯಾಗ ತಿಂಗಳಗಟ್ಟಲೆ ಇದ್ದೂ ಮರುವರ್ಷ ಹನ್ನೆರಡನೇ ಪರೀಕ್ಷೆ ಬರೆದು 600 ಕ್ಕ 469 ಅಂಕ ತಗೊಂಡ. ಅಲ್ಲಿ ಸಂಗಡ ನಿಂತವರು ಇದ್ದರು, ಅದಕ್ಕ ಬರೆದ. ನಮ್ಮೂರ ಹುಡುಗನ ಜೋಡಿ ಯಾರು ನಿಂತೀವಿ?

“ಕೇಸು ಮಾಡಿದರ ನಮ್ಮ ಹುಡುಗರ ಭವಿಷ್ಯ ಹಾಳಾಗತದ.” ಚಾವಡ್ಯಾಗ ಇದಕ್ಕೇ ಎಲ್ಲರೂ ಹೆದರಿದ್ದು, ನಾನೂ ಹೆದರಿದ್ದೆ. ಆಮ್ಯಾಲ ಸೊಲ್ಲಾಪುರದ ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ಹದಿನೆಂಟರ ಒಳಗಿನವರನ್ನು ದೊಡ್ಡವರ ಜೇಲಿಗೆ ಹಾಕೂದಿಲ್ಲ, ಬಾಲ ನ್ಯಾಯ ಮಂಡಳಿ ಮುಂದ ನಿಲ್ಲಸತಾರ. ಭಾಳ ಘೋರ ಗುನ್ಹೆ ಬಿಟ್ಟರೆ ಅದರ ಕಲೆ ಮುಂದ ಅವರ ನೌಕರಿಗೆ ಅಡ್ಡ ಬರಬಾರದು ಅಂತ ಕಾಯ್ದೆಯಾಗೇ ಬರೆದದ. ಮಹಾರಾಷ್ಟ್ರದಾಗ 1999 ರಿಂದ ರ್ಯಾಗಿಂಗ್ ತಡೆ ಕಾಯ್ದೆ ಅದ. ದೂರು ಬಂದ ಏಳು ದಿನದಾಗ ಕಾಲೇಜಿನ ಮುಖ್ಯಸ್ಥರು ವಿಚಾರಣೆ ಮಾಡಬೇಕು. ಪಾರಧಿಯವರು ನಮ್ಮ ರಾಜ್ಯದಾಗ ಪರಿಶಿಷ್ಟ ಪಂಗಡದಾಗ ಬರತಾರ, ಅದಕ್ಕ 1989 ರ ದೌರ್ಜನ್ಯ ತಡೆ ಕಾಯ್ದೆ ಅವರಿಗೆ ಲಾಗೂ ಆಗತದ. ಇಷ್ಟೆಲ್ಲಾ ಇದ್ದೂ ಒಂದು ಹಾಳಿ ದೂರು ಬರೆಯಲಿಲ್ಲ. ಬರೆಯಲಿಕ್ಕೆ ಬರದ ಅಪ್ಪನ ಕೈಯಾಗ ನೋಟು ಇಟ್ಟೆವು, ಬರೆಯಲಿಕ್ಕೆ ಬರೋ ನಾವು ಪೆನ್ನು ಕಿಸೆಯಾಗ ಇಟ್ಟುಕೊಂಡೆವು. ಭವಿಷ್ಯ ಹಾಳಾಗಬಾರದು ಅಂದೆವಲ್ಲ, ಯಾರದು? ಹೊಡೆದ ನಾಲ್ಕೂ ಮಂದಿ ಹನ್ನೊಂದನೇ ಪರೀಕ್ಷೆ ಬರೆದರು. ಮೊಬೈಲ್ ಹಿಡಿದವನೂ ಬರೆದ. ಹೊಡೆಸಿಕೊಂಡವ ಈಗ ಎಡಗೈ ಪೂರಾ ಮಡಚಲಿಕ್ಕೆ ಬರದೆ, ಅಪ್ಪನ ಜೋಡಿ ರಾತ್ರಿ ನಮ್ಮ ದ್ರಾಕ್ಷಿ ಕಾಯಲಿಕತ್ತಾನ.

ಮಾಸ್ತರರಿಗೆ ನನ್ನದು ಒಂದೇ ಕೇಳಿಕಿ. ಹಾಜರಿ ಪುಸ್ತಕದಾಗ ಇದ್ದ ಹೆಸರಿನಿಂದ ಮಕ್ಕಳನ್ನು ಕರೀರಿ. ಒಬ್ಬ ಹುಡುಗನನ್ನು ನೋಡಿ ಹತ್ತು ಮಂದಿ ನಕ್ಕರ ಪಾಠ ಅಲ್ಲೇ ನಿಲ್ಲಿಸಿ, ಯಾಕ ನಕ್ಕಿರಿ ಅಂತ ಕೇಳ್ರಿ. ಹೊಡೆತ ಬೀಳೂಮಟ ಕಾಯಬ್ಯಾಡ್ರಿ. ಹಾಡಿಕಿಯವರಿಗೂ ಹೇಳೂದದ: ಸೋಗು ಹಾಕೂದಾದರ ಸಾವಕಾರನ ಸೋಗು ಹಾಕ್ರಿ, ಪುಢಾರಿ ಸೋಗು ಹಾಕ್ರಿ. ಅವರು ತಿರುಗಿ ಬೈಯಲಿಕ್ಕೆ ಗಟ್ಟಿ ಇದ್ದಾರ.

ಚಾವಡಿ ಹಿರಿಯರಿಗೆ ಇದನ್ನ ಮೊದಲೇ ತಿಳಿಸೀನಿ, ಪುಸ್ತಕದಾಗ ನೋಡಿ ಸಿಟ್ಟಾಗಬಾರದು. ಮೊಮ್ಮಗನ ಮೊಬೈಲಿನಾಗಿನ ಆ ಶೂಟಿಂಗು ಅಳಿಸಬ್ಯಾಡ ಅಂತ ಹೇಳೀನಿ. ಅದು ಈಗ ವಕೀಲರ ಹತ್ತಿರ ಅದ. ಏನು ಮಾಡಬೇಕು ಅಂತ ಆ ಹುಡುಗನ ಅಪ್ಪ ಹೇಳಬೇಕು, ನಾವಲ್ಲ. ಮೊಮ್ಮಗ ನನ್ನ ಜೋಡಿ ಮಾತು ಬಿಟ್ಟು ಹದಿನೈದು ದಿನ ಆತು. ಮನಿಯಾಗ ಎಲ್ಲರ ಸಿಟ್ಟೂ ನನ್ನ ಮ್ಯಾಲೇ. ಆದರ ಮೊನ್ನೆ ರಾತ್ರಿ ಅವ ಒಬ್ಬನೇ ತ್ವಾಟದ ಕಡೆ ಹೋಗಿ ಬಂದದ್ದು ನೋಡೀನಿ. ಯಾಕ ಹೋಗಿದ್ದ ಅಂತ ಕೇಳಿಲ್ಲ.

ಬರೋ ಸೋಮವಾರ ಆ ಹುಡುಗನ ಅಪ್ಪನ್ನ ಕರಕೊಂಡು ಕಾಲೇಜಿಗೆ ಹೋಗೂದು ಠರಾವು ಆಗೇದ. ತಪ್ಪಿದ ವರ್ಷಕ್ಕ ಏನು ಮಾಡಬೇಕು, ಮತ್ತ ಹೆಸರು ಹ್ಯಾಂಗ ಹಚ್ಚಬೇಕು ಕೇಳಿ ಬರತೀವಿ. ಜೀಪಿಗೆ ಜಾಗ ಅದ, ಸೊಲ್ಲಾಪುರಕ್ಕ ಬಂದಿದ್ದ ಆ ಐದು ಮಂದಿಗೂ ಹೇಳಿ ಕಳಿಸೀನಿ. ಯಾರು ಬರತಾರೋ ನೋಡಬೇಕು. ಕಾಲೇಜು ಸುರು ಆದ ಮ್ಯಾಲ ಏಳರ ಬಸ್ಸಿಗೆ ನಾನೂ ಹತ್ತಾವ. 65 ದಾಟಿದವರಿಗೆ ಎಸ್.ಟಿ.ಯಾಗ ಅರ್ಧ ಟಿಕೀಟು, ನನಗ ಹೋದ ವರ್ಷ 66 ತುಂಬ್ಯಾವ. ಕಿಡಕಿ ಹತ್ತಿರ ಕೂಡೂದಿಲ್ಲ, ಬಾಗಲ ಎದುರಿನ ಸೀಟಿನಾಗ ಕೂಡತೀನಿ.